‘ದನದ ನರ್ಸಾ?’ ಅಂತ ನಗುವವರ ನಡುವೆ

ಪ್ರಶ್ನೆ: ಮೇಡಂ, ನಮ್ಮದು ಸೊರಬ ತಾಲ್ಲೂಕು, ಆನವಟ್ಟಿ ಹತ್ತಿರದ ಹಳ್ಳಿ. ಶಿಕಾರಿಪುರದ ಹಾಸ್ಟೆಲ್‌ನಲ್ಲಿದ್ದು ಈ ವರ್ಷ ಪಿಯುಸಿ ಮುಗಿಸಿದೆ, ಪಿಸಿಎಂಬಿ. ಸಿಇಟಿಯಲ್ಲಿ ವೆಟರ್ನರಿ ಸೀಟು ಸಿಗುವಷ್ಟು ರ‍್ಯಾಂಕ್ ಬರಲಿಲ್ಲ. ಮನೆಯಲ್ಲಿ ಎರಡು ಎಮ್ಮೆ, ಒಂದು ಜರ್ಸಿ, ಅಣ್ಣ ಸಾಕಿದ ಕೊಬ್ಬರಿ ಹೋರಿ ಇವೆ. ಹೋದ ದೀಪಾವಳಿಯ ನಂತರ ಹೋರಿ ಹಬ್ಬದಲ್ಲಿ ಓಡಿ ಅದರ ತೊಡೆ ಸೀಳಿತ್ತು. ದನದಾಸ್ಪತ್ರೆಯವರು ಹೇಳಿಕೊಟ್ಟಂತೆ ವಾಸಿಯಾಗುವವರೆಗೂ ನಾನೇ ಡ್ರೆಸ್ಸಿಂಗ್ ಮಾಡಿದೆ. ಇದೇ ಕೆಲಸ ಮಾಡಬೇಕು ಅನ್ನಿಸಿಬಿಟ್ಟಿದೆ. ಇಂಗ್ಲೆಂಡಿನಲ್ಲಿ ವೆಟರ್ನರಿ ನರ್ಸಿಂಗ್ ಡಿಗ್ರಿ ಇದೆ, ಓದಿ ಬಂದರೆ ಇಲ್ಲಿ ಒಳ್ಳೆಯ ಬೇಡಿಕೆ ಎಂದು ಏಜೆಂಟರೊಬ್ಬರು ಹೇಳುತ್ತಿದ್ದಾರೆ. ಅಪ್ಪ ಅಡಿಕೆ ತೋಟ ಅಡವಿಡಲೂ ತಯಾರು. ದೊಡ್ಡಪ್ಪ ಮಾತ್ರ, ‘ದನದ ನರ್ಸಾ? ಮನುಷ್ಯರ ನರ್ಸಿಂಗ್ ಓದಿದ್ರೆ ಗಲ್ಫ್‌ಗಾದ್ರೂ ಹೋಗಬಹುದು’ ಅಂತ ನಗುತ್ತಾರೆ. ಏನು ಮಾಡಲಿ?

ಉತ್ತರ: ತಂಗಿ, ಮೊದಲು ತೋಟದ ಮಾತು. ಆ ಕಾಗದಪತ್ರ ಸದ್ಯಕ್ಕೆ ಬೀರುವಿನಲ್ಲೇ ಇರಲಿ.

ಏಜೆಂಟರು ಹೇಳಿದ್ದರಲ್ಲಿ ಮೊದಲ ಅರ್ಧ ನಿಜ. ಬ್ರಿಟನ್ನಿನಲ್ಲಿ ಪ್ರಾಣಿಗಳ ನರ್ಸಿಂಗ್ ಒಂದು ಗಟ್ಟಿ ವೃತ್ತಿ. ಅಲ್ಲಿನ ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್ 1961ರಲ್ಲೇ ಇದಕ್ಕೆ ತರಬೇತಿ ಶುರುಮಾಡಿತು. ಇವತ್ತು ಅಲ್ಲಿ ಡಿಗ್ರಿಯೂ ಇದೆ, ನೋಂದಣಿಯೂ ಇದೆ. ಅರಿವಳಿಕೆಯಲ್ಲಿರುವ ನಾಯಿಯ ಉಸಿರು, ನಾಡಿ ಗಮನಿಸುವುದು, ಎಕ್ಸ್‌ರೇ ತೆಗೆಯುವುದು, ವೈದ್ಯರ ನಿರ್ದೇಶನದಲ್ಲಿ ಸಣ್ಣಪುಟ್ಟ ಹೊಲಿಗೆ ಹಾಕುವುದು ಇವೆಲ್ಲ ಅವರ ಕೆಲಸ. ಹೆಚ್ಚಿನದು ನಾಯಿ, ಬೆಕ್ಕು, ಕುದುರೆಗಳ ಆಸ್ಪತ್ರೆಗಳಲ್ಲಿ.

‘ಓದಿ ಬಂದರೆ ಇಲ್ಲಿ ಬೇಡಿಕೆ’ ಎಂಬ ಉಳಿದರ್ಧವನ್ನು ನಾನು ಒಪ್ಪುವುದಿಲ್ಲ. ಭಾರತೀಯ ಪಶುವೈದ್ಯಕೀಯ ಪರಿಷತ್ತು ನೋಂದಾಯಿಸುವುದು ಪಶುವೈದ್ಯರನ್ನು ಮಾತ್ರ. ನರ್ಸ್ ಎಂಬ ಪಟ್ಟಿಯೇ ಅಲ್ಲಿಲ್ಲ. ಆ ಡಿಗ್ರಿ ಹಿಡಿದು ಶಿಕಾರಿಪುರದ ದನದಾಸ್ಪತ್ರೆಗೆ ಹೋದರೆ ಯಾವ ಹುದ್ದೆಗೆ ಅರ್ಜಿ ಹಾಕುತ್ತೀಯ? ಬೆಂಗಳೂರಿನ ದೊಡ್ಡ ಪೆಟ್ ಕ್ಲಿನಿಕ್ಕುಗಳು ಕರೆದು ಕೆಲಸ ಕೊಡಬಹುದು, ಆದರೆ ಅವು ಕೊಡುವ ಸಂಬಳದಲ್ಲಿ ತೋಟ ಬಿಡಿಸಿಕೊಳ್ಳುವ ಲೆಕ್ಕ ಕೂಡಿಬರುವುದು ಕಷ್ಟ. ಅಲ್ಲೇ ನೆಲೆಸುತ್ತೇನೆ ಎನ್ನುವವಳಿಗಾದರೆ ಬೇರೆ ಸಲಹೆ ಕೊಡುತ್ತಿದ್ದೆ. ಹೋರಿಯ ತೊಡೆಗೆ ಮದ್ದು ಕಟ್ಟಿ ಈ ಕೆಲಸಕ್ಕೆ ಮನಸ್ಸು ಕೊಟ್ಟವಳು ನೀನು. ನಿನ್ನ ಪತ್ರದಲ್ಲಿ ಇಂಗ್ಲೆಂಡ್ ಬರುವುದು ಏಜೆಂಟರ ಬಾಯಿಂದ ಮಾತ್ರ.

ನೀನು ಬಯಸುವ ಕೆಲಸ ನಮ್ಮಲ್ಲೂ ಇದೆ, ಬೇರೆ ಹೆಸರಿನಲ್ಲಿ. ಬೀದರ್‌ನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಎರಡು ವರ್ಷದ ಪಶುಸಂಗೋಪನಾ ಡಿಪ್ಲೊಮಾ ನಡೆಸುತ್ತದೆ. ತಿಪಟೂರಿನ ಕೋನೇಹಳ್ಳಿ, ಹಾಸನದ ಕೊರವಂಗಲ, ಹಾವೇರಿ ಜಿಲ್ಲೆಯ ಶಿಗ್ಗಾವಿ ಮುಂತಾದ ಕಡೆ ಇದರ ಪಾಲಿಟೆಕ್ನಿಕ್‌ಗಳಿವೆ. ಹಾನಗಲ್ ದಾಟಿ ಹೋದರೆ ನಿನಗೆ ಶಿಗ್ಗಾವಿಯೇ ಹತ್ತಿರ. ಎಸ್ಸೆಸ್ಸೆಲ್ಸಿ ಆದವರಿಗೇ ಪ್ರವೇಶ. ‘ಪಿಯುಸಿ ಸೈನ್ಸ್ ಓದಿ ಮತ್ತೆ ಡಿಪ್ಲೊಮಾಗೆ ಇಳಿಯೋದಾ’ ಎಂದು ಯಾರಾದರೂ ಅಂದೇ ಅನ್ನುತ್ತಾರೆ. ಇಳಿಯುವುದೇನಿಲ್ಲ. ಓದಿದ ಬಯಾಲಜಿ ಎಲ್ಲೂ ಹೋಗುವುದಿಲ್ಲ, ಕೊಟ್ಟಿಗೆಯಲ್ಲಿ ಕೈಗೆ ಬರುತ್ತದೆ.

ಮುಗಿಸಿದವರಿಗೆ ಪಶುಪಾಲನಾ ಇಲಾಖೆಯ ಪರಿವೀಕ್ಷಕ ಹುದ್ದೆಗಳು ಒಂದು ದಾರಿ. ಆದರೆ ಸರ್ಕಾರ ನೇಮಕಾತಿ ಕರೆದಾಗಷ್ಟೇ ಅದು ದಾರಿ, ನಡುವೆ ವರ್ಷಗಟ್ಟಲೆ ಕಾಯುವುದೂ ಉಂಟು. ಹಾಲು ಒಕ್ಕೂಟಗಳಲ್ಲಿ ಕೃತಕ ಗರ್ಭಧಾರಣೆಯ ಕೆಲಸ ಇದೆ, ನಿಮ್ಮ ಕಡೆಗೆ ಶಿಮುಲ್. 1962ಕ್ಕೆ ಫೋನ್ ಮಾಡಿದರೆ ಬರುವ ಪಶು ಸಂಜೀವಿನಿ ಗಾಡಿಯಲ್ಲಿ ವೈದ್ಯರ ಪಕ್ಕ ಒಬ್ಬ ಪ್ಯಾರಾವೆಟ್ ಇರುತ್ತಾರೆ. ಅದು ಹೊರಗುತ್ತಿಗೆ, ಸಂಬಳ ಕೇಳಿ ಹಿಗ್ಗುವಂಥದ್ದಲ್ಲ. ಇದನ್ನು ಅಪ್ಪನಿಗೂ ಈಗಲೇ ಹೇಳಿಬಿಡು.

ಇನ್ನೊಂದು ವಿಷಯ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ 30ನೇ ಕಲಂ ಪ್ರಕಾರ ಚಿಕಿತ್ಸೆ ಮಾಡುವ ಹಕ್ಕು ನೋಂದಾಯಿತ ಪಶುವೈದ್ಯರದ್ದು. ಡಿಪ್ಲೊಮಾದವರು ರಾಜ್ಯ ಸರ್ಕಾರದ ಅನುಮತಿಯಿದ್ದರೆ, ವೈದ್ಯರ ಮೇಲ್ವಿಚಾರಣೆಯಲ್ಲಿ, ‘ಸಣ್ಣ ಸೇವೆ’ಗಳನ್ನು ಮಾಡಬಹುದು: ಲಸಿಕೆ, ಬೀಜ ಒಡೆಯುವುದು, ಗಾಯಕ್ಕೆ ಪಟ್ಟಿ, ಪ್ರಥಮ ಚಿಕಿತ್ಸೆ, ಮತ್ತೆ ಸರ್ಕಾರ ಹೆಸರಿಸಿದ ಇನ್ನು ಕೆಲವು. ಕಾಗದದ ಮೇಲೆ ಗೆರೆ ಚೆನ್ನಾಗಿಯೇ ಇದೆ. ಊರಲ್ಲಿ ಅದು ನಿಲ್ಲುವುದಿಲ್ಲ. ಕೆಲಸಕ್ಕೆ ಸೇರಿದ ತಿಂಗಳೊಳಗೆ ನೀನು ‘ಡಾಕ್ಟ್ರಮ್ಮ’ ಆಗುತ್ತೀಯ. ರಾತ್ರಿ ಒಂದು ಗಂಟೆಗೆ ಬಾಗಿಲು ಬಡಿದು, ಕರು ಅಡ್ಡ ಬಿದ್ದಿದೆ, ಎಳೆದುಕೊಡಿ ಅನ್ನುತ್ತಾರೆ. ವೈದ್ಯರು ಇಪ್ಪತ್ತು ಕಿಲೋಮೀಟರ್ ದೂರದಲ್ಲಿರುತ್ತಾರೆ. ಕರೆದವರು ನಿನ್ನ ಅತ್ತೆ ಮಾವನ ಕಡೆಯವರೇ ಇರಬಹುದು. ‘ನನಗೆ ಬರುವುದಿಲ್ಲ, ಡಾಕ್ಟರಿಗೆ ಫೋನ್ ಮಾಡಿ, ಅಲ್ಲಿಯವರೆಗೆ ಇಷ್ಟು ಮಾಡೋಣ’ ಎಂದು ಗಟ್ಟಿಯಾಗಿ ಹೇಳುವ ಧೈರ್ಯ ಈ ಕೆಲಸದ ಅರ್ಧ ಭಾಗ. ಅದು ಇಲ್ಲದೆ ಸಿಕ್ಕಸಿಕ್ಕ ಸೂಜಿ ಚುಚ್ಚುತ್ತಾ ಹೋದವರು ನಿಮ್ಮ ಊರಲ್ಲೂ ಒಬ್ಬರಾದರೂ ಇರಬೇಕು. ಕೆಚ್ಚಲು ಬಾವಿಗೆ ಅರ್ಧಂಬರ್ಧ ಆ್ಯಂಟಿಬಯೋಟಿಕ್ ಕೊಟ್ಟು ಹಸುವಿನ ಒಂದು ತೊಟ್ಟು ಶಾಶ್ವತವಾಗಿ ಬತ್ತಿಸಿದವರು ಅವರೇ.

ಸೊರಬದವಳಾದ್ದರಿಂದ ಇದನ್ನೂ ಹೇಳಬೇಕು. ಮಂಗನ ಕಾಯಿಲೆಯನ್ನು ಜಗತ್ತು ಮೊದಲು ಕಂಡದ್ದು 1957ರಲ್ಲಿ, ನಿಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇಂಗ್ಲಿಷಿನಲ್ಲಿ ಅದರ ಹೆಸರೇ ಕ್ಯಾಸನೂರು ಕಾಡಿನ ಕಾಯಿಲೆ. ಅದು ಹರಡುವುದು ಉಣುಗಿನಿಂದ. ಕಾಡಿಗೆ ಮೇಯಲು ಹೋದ ದನದ ಮೈಮೇಲೆ ಉಣುಗು ಕೊಟ್ಟಿಗೆಗೆ ಬರುತ್ತದೆ. ದನಕ್ಕೆ ಏನೂ ಆಗದಿರಬಹುದು, ಮೈ ಸವರಿದವರಿಗೆ ಕಚ್ಚುತ್ತದೆ. ಬೇಸಿಗೆಗೆ ಮುಂಚಿನಿಂದಲೇ ತುಂಬು ತೋಳು, ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ, ಸಂಜೆ ಬಿಸಿನೀರಿನ ಸ್ನಾನ ರೂಢಿಯಾಗಲಿ. ಕಂದು ಹಾಕಿದ ಹಸುವನ್ನಾಗಲೀ ಕಸ ಬೀಳದ ಹಸುವನ್ನಾಗಲೀ ಬರಿಗೈಯಲ್ಲಿ ಮುಟ್ಟಬೇಡ, ಬ್ರುಸೆಲ್ಲಾ ಮನುಷ್ಯರಿಗೂ ಅಂಟುತ್ತದೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಕೊಡುವ ಆ ರೋಗದ ಲಸಿಕೆಯಲ್ಲಿ ಜೀವಂತ ರೋಗಾಣು ಇರುವುದರಿಂದ, ಕರು ಒದ್ದಾಡಿ ಸೂಜಿ ನಿನ್ನ ಬೆರಳಿಗೆ ಚುಚ್ಚಿದರೆ ‘ಏನಾಗಲ್ಲ ಬಿಡು’ ಅನ್ನುವಂತಿಲ್ಲ, ನೇರ ಆಸ್ಪತ್ರೆಗೆ ಹೋಗಬೇಕು. ರೇಬಿಸ್ ಲಸಿಕೆಯನ್ನು ಕೆಲಸಕ್ಕೆ ಸೇರುವ ಮೊದಲೇ ಹಾಕಿಸಿಕೊ. ಹೆದರಿಸುತ್ತಿಲ್ಲ. ಕೋರ್ಸಿನ ಬಗ್ಗೆ ವಿಚಾರಿಸುವವರು ಫೀಸು ಕೇಳುತ್ತಾರೆ, ಹಾಸ್ಟೆಲ್ ಕೇಳುತ್ತಾರೆ, ಇದನ್ನು ಮಾತ್ರ ಕೇಳುವುದಿಲ್ಲ.

ದೊಡ್ಡಪ್ಪನ ನಗುವಿಗೆ ಉತ್ತರ ಕೊಡುವ ಗೋಜಿಗೆ ಹೋಗಬೇಡ. ಅವರ ಎಮ್ಮೆಗೆ ಹೊಟ್ಟೆ ಉಬ್ಬರ ಬಂದ ದಿನ ನಗು ತಾನಾಗಿ ನಿಲ್ಲುತ್ತದೆ.

ನನಗೆ ನಿಜವಾಗಿ ತಲೆ ಕೆಡಿಸಿದ್ದು ನಿನ್ನ ಪತ್ರದ ಇನ್ನೊಂದು ಸಾಲು: ರ‍್ಯಾಂಕ್ ಬರಲಿಲ್ಲ ಎಂದು ಮುಗಿಸಿಬಿಟ್ಟಿದ್ದೀಯ. ಯಾವ ರ‍್ಯಾಂಕ್? ಪಶುವೈದ್ಯಕೀಯ ಪದವಿಗೆ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಇದೆ. ಅರ್ಜಿ ತುಂಬುವಾಗ ಆ ಕಲಂ ಗುರುತು ಮಾಡಿದ್ದೆಯಾ? ಪರೀಕ್ಷೆಗೆ ಹೋಗಿದ್ದೆಯಾ? ಸೈಬರ್ ಸೆಂಟರಿನಲ್ಲಿ ಗಡಿಬಿಡಿಯಲ್ಲಿ ತುಂಬಿಸಿ ಇದನ್ನು ಬಿಟ್ಟುಬಿಡುವ ರೈತರ ಮಕ್ಕಳು ಬಹಳ. ರಾಜ್ಯದ ಸೀಟುಗಳ ಹೊರತಾಗಿ, ಸರ್ಕಾರಿ ಕಾಲೇಜುಗಳ ಶೇ 15ರಷ್ಟು ಸೀಟುಗಳನ್ನು ನೀಟ್ ಅಂಕದ ಮೇಲೆ ಪಶುವೈದ್ಯಕೀಯ ಪರಿಷತ್ತು ಅಖಿಲ ಭಾರತ ಮಟ್ಟದಲ್ಲಿ ತುಂಬುತ್ತದೆ. ಪದವಿ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಕಾಲೇಜು ಶಿವಮೊಗ್ಗದಲ್ಲೇ ಇದೆ. ನಾನಾಗಿದ್ದರೆ ಇನ್ನೊಂದು ವರ್ಷ ಸಿಇಟಿಗೆ ಕೂರುತ್ತಿದ್ದೆ, ಜೊತೆಗೇ ಡಿಪ್ಲೊಮಾ ಅರ್ಜಿಯನ್ನೂ ಹಾಕಿಡುತ್ತಿದ್ದೆ. ಓದಿನಲ್ಲಿ ಆಸಕ್ತಿ ಬತ್ತಿದ್ದರೆ, ಕೈಕೆಲಸವೇ ಇಷ್ಟವಾದರೆ, ಡಿಪ್ಲೊಮಾಗೇ ಹೋಗು. ಇವೆರಡರಲ್ಲಿ ಯಾವುದು ನಿನ್ನದು ಎಂದು ನನಗಿಂತ ನಿನಗೆ ಗೊತ್ತು.

ಗೊತ್ತಾಗದಿದ್ದರೆ ತಾಲ್ಲೂಕು ದನದಾಸ್ಪತ್ರೆಯ ವೈದ್ಯಾಧಿಕಾರಿಗಳನ್ನು ಕೇಳಿಕೊಂಡು ಒಂದಷ್ಟು ದಿನ ಅಲ್ಲಿ ನಿಂತು ನೋಡು. ಮನೆಯ ಹೋರಿ ಬೇರೆ, ಒದೆಯುವ ಪರರ ಎಮ್ಮೆ ಬೇರೆ. ಕಾಲುಬಾಯಿ ಜ್ವರದ ಲಸಿಕೆ ಅಭಿಯಾನ ನಡೆಯುವಾಗ ಹೋದರೆ ಇನ್ನೂ ಒಳ್ಳೆಯದು: ಬೆಳಗಿನ ಜಾವ ಹೊರಟು ಮನೆಮನೆ ತಿರುಗುವುದು, ‘ಸೂಜಿ ಹಾಕಿದ್ರೆ ಹಾಲು ಕಮ್ಮಿ ಆಗುತ್ತೆ’ ಎನ್ನುವವರನ್ನು ಒಪ್ಪಿಸುವುದು ಕಣ್ಣಾರೆ ಕಾಣುತ್ತದೆ. ಅಪ್ಪನೂ ಒಂದು ದಿನ ಜೊತೆಗೆ ಬರಲಿ.

ಏಜೆಂಟರು ಮತ್ತೆ ಬಂದರೆ, ಈ ಡಿಗ್ರಿಗೆ ಭಾರತದಲ್ಲಿ ಯಾವ ನೋಂದಣಿ, ಯಾವ ಹುದ್ದೆ ಎಂದು ಬರೆದು ಸಹಿ ಹಾಕಿ ಕೊಡಲು ಕೇಳಿ.

ಕೃಷಿಕರ ಪ್ರಮಾಣಪತ್ರಕ್ಕೆ, ಜಾತಿ ಆದಾಯ ಪತ್ರಕ್ಕೆ ಈಗಲೇ ಅರ್ಜಿ ಕೊಡು. ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರಕ್ಕೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಸಹಿಯ ಮೇಲೆ ಬಿಇಒ ಸಹಿಯೂ ಬೇಕು. ಬೇಸಿಗೆ ರಜೆಯಲ್ಲಿ ಇಬ್ಬರೂ ಒಟ್ಟಿಗೆ ಸಿಗುವುದು ಅಪರೂಪ, ಶಾಲೆ ನಡೆಯುವಾಗಲೇ ಮಾಡಿಸಿಕೊಂಡುಬಿಡು.