ನೆರೆಮನೆಯ ಹಬ್ಬ, ನಮ್ಮ ವಿಶ್ವಾಸ
(ದೀಪಾವಳಿ ಹಾಗೂ ಗುರುನಾನಕ್ ಜಯಂತಿಯ ಸಂದರ್ಭದಲ್ಲಿ ಕುಟುಂಬಗಳಿಗೂ ಕಿರು ಕ್ರೈಸ್ತ ಸಮುದಾಯಗಳಿಗೂ ಒಂದು ಅಧ್ಯಯನ ಪಾಠ)



ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ನಾಲ್ಕನೆಯ ಕ್ಲಾಸಿನ ಹುಡುಗನೊಬ್ಬ ಕೇಳಿದ: "ಟೀಚರ್, ಬಲಿಪಾಡ್ಯಮಿ ಅಂದರೆ ನಮ್ಮ ಬಲಿಪೂಜೆ ಇದ್ದ ಹಾಗೆಯಾ?" ಉಳಿದ ಮಕ್ಕಳು ನಕ್ಕರು. ಆದರೆ ಅವನ ಪ್ರಶ್ನೆ ನಗುವಂಥದ್ದಲ್ಲ. ನಮ್ಮ ಬಲಿಪೂಜೆಯ 'ಬಲಿ' ಎಂದರೆ ಅರ್ಪಣೆ, ಪ್ರಭು ಯೇಸು ತಂದೆಗೆ ತಮ್ಮನ್ನೇ ಒಪ್ಪಿಸಿಕೊಟ್ಟ ಅರ್ಪಣೆ. ಬಲಿಪಾಡ್ಯಮಿಯ 'ಬಲಿ' ಒಬ್ಬ ರಾಜನ ಹೆಸರು. ಪದ ಒಂದೇ, ಅರ್ಥ ಬೇರೆ. ತಲೆಮಾರುಗಳಿಂದ ಬೇಲಿಗೆ ಬೇಲಿ ತಾಗಿಸಿಕೊಂಡು ಬಾಳಿದ ನಮ್ಮಲ್ಲಿ ಎಷ್ಟು ಮಂದಿ ಹಿರಿಯರು ಆ ಹುಡುಗನಿಗೆ ಉತ್ತರ ಹೇಳಬಲ್ಲೆವು?

ನಮ್ಮ ಗಡಿನಾಡಿನಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ ಒಂದೇ ಪೇಟೆಯಲ್ಲಿ ಕೇಳಿಬರುತ್ತವೆ. ಹಬ್ಬಗಳೂ ಹಾಗೆಯೇ. ನೆರೆಯವರ ಹಬ್ಬದ ಅರ್ಥ ತಿಳಿಯದೆ ಇದ್ದರೆ ನಾವು ಎರಡರಲ್ಲಿ ಒಂದು ತಪ್ಪು ಮಾಡುತ್ತೇವೆ: ಹೆದರಿ ದೂರ ನಿಲ್ಲುತ್ತೇವೆ, ಇಲ್ಲವೆ ಎಲ್ಲವೂ ಒಂದೇ ಎಂದು ಯೋಚಿಸದೆ ಬೆರೆತುಬಿಡುತ್ತೇವೆ. ಪ್ರೀತಿಗೂ ಸತ್ಯಕ್ಕೂ ಒಟ್ಟಿಗೆ ಸಲ್ಲುವ ದಾರಿ ಯಾವುದು ಎಂದು ಈ ಪಾಠದಲ್ಲಿ ನೋಡೋಣ.

1. ದೀಪಾವಳಿ: ನೆರೆಮನೆಯಲ್ಲಿ ನಡೆಯುವುದೇನು?

ನಮ್ಮ ಕಡೆ ದೀಪಾವಳಿ ಒಂದು ದಿನದ ಹಬ್ಬವಲ್ಲ. ಮೊದಲು ನೀರು ತುಂಬುವ ಹಬ್ಬ. ಬಚ್ಚಲಿನ ಹಂಡೆಯನ್ನು ಬೆಳಗಿ, ಬಳ್ಳಿ ಹೂ ಸುತ್ತಿ, ಸಂಜೆ ಬಾವಿಯ ನೀರು ತುಂಬಿಸುತ್ತಾರೆ. ಮರುದಿನ ನರಕ ಚತುರ್ದಶಿ. ಬೆಳಗಾಗುವ ಮುಂಚೆ ಮನೆಮಂದಿಯೆಲ್ಲ ಎಣ್ಣೆ ಹಚ್ಚಿ ಬಿಸಿನೀರಿನ ಸ್ನಾನ ಮಾಡುತ್ತಾರೆ. ಶ್ರೀಕೃಷ್ಣನು ನರಕಾಸುರನನ್ನು ಕೊಂದು, ಅವನ ಸೆರೆಯಲ್ಲಿದ್ದ ಹದಿನಾರು ಸಾವಿರ ಸ್ತ್ರೀಯರನ್ನು ಬಿಡಿಸಿದ ಕಥೆಯನ್ನು ಆ ದಿನ ನೆನೆಯುತ್ತಾರೆ. ಅಮಾವಾಸ್ಯೆಯಂದು ಲಕ್ಷ್ಮೀಪೂಜೆ. ಅದರ ಮರುದಿನ, ಕಾರ್ತಿಕ ಮಾಸದ ಮೊದಲ ದಿನ, ಬಲಿಪಾಡ್ಯಮಿ.

ವಾಮನನು ಮೂರು ಹೆಜ್ಜೆ ನೆಲ ಬೇಡಿದ, ಎರಡು ಹೆಜ್ಜೆಯಲ್ಲಿ ಭೂಮಿ ಆಕಾಶಗಳನ್ನು ಅಳೆದ, ಮೂರನೆಯದಕ್ಕೆ ಬಲಿರಾಜನು ತನ್ನ ತಲೆಯನ್ನೇ ಒಡ್ಡಿ ಪಾತಾಳಕ್ಕೆ ಇಳಿದ ಎಂಬುದು ಪುರಾಣ. ವರ್ಷಕ್ಕೊಮ್ಮೆ ತನ್ನ ಪ್ರಜೆಗಳನ್ನು ನೋಡಲು ಅವನಿಗೆ ಅಪ್ಪಣೆ ಸಿಕ್ಕಿತು. ಅದಕ್ಕೇ ತುಳುನಾಡಿನ ಮನೆಗಳಲ್ಲಿ ದೀಪವಿಟ್ಟು, ಕತ್ತಲಲ್ಲಿ ನಿಂತು 'ಕೂ' ಎಂದು ಬಲೀಂದ್ರನನ್ನು ಕರೆಯುತ್ತಾರೆ. ನಮ್ಮ ಮಲಯಾಳಿ ನೆರೆಯವರು ಅದೇ ರಾಜನನ್ನು, ಮಹಾಬಲಿಯನ್ನು, ಚಿಂಗಂ ತಿಂಗಳಿನ ಓಣಂನಲ್ಲಿ ಹೂವಿನ ರಂಗೋಲಿ ಹಾಕಿ ಎದುರುಗೊಳ್ಳುತ್ತಾರೆ. ಹೀಗೆ ನಮ್ಮ ಊರಿಗೆ ಒಬ್ಬನೇ ರಾಜ ವರ್ಷಕ್ಕೆ ಎರಡು ಸಲ ಬರುತ್ತಾನೆ! ಕೊಟ್ಟ ಮಾತಿಗೆ ತಪ್ಪದ, ಪ್ರಜೆಗಳನ್ನು ಮರೆಯದ ಅರಸನಿಗಾಗಿ ಜನರ ಮನಸ್ಸು ಎಷ್ಟು ಹಂಬಲಿಸುತ್ತದೆ ಎಂಬುದನ್ನು ಈ ಎರಡು ಹಬ್ಬಗಳೂ ಹೇಳುತ್ತವೆ.

2. ಸಿಖ್ಖರ ದೀಪಾವಳಿ: ಸೆರೆ ಬಿಡಿಸಿದ ದಿನ

ಅದೇ ದೀಪಾವಳಿಯ ರಾತ್ರಿ ಅಮೃತಸರದ ಸ್ವರ್ಣಮಂದಿರವೂ ದೀಪಗಳಿಂದ ಬೆಳಗುತ್ತದೆ. ಆದರೆ ಸಿಖ್ಖರು ನೆನೆಯುವ ಘಟನೆ ಬೇರೆ. ಅವರ ಐದನೆಯ ಗುರು ಅರ್ಜನ ದೇವರು 1606ರಲ್ಲಿ ಲಾಹೋರಿನಲ್ಲಿ ಹುತಾತ್ಮರಾದರು. ಅವರ ಮಗ, ಆರನೆಯ ಗುರು ಹರಗೋಬಿಂದರನ್ನು ಮೊಘಲ್ ದೊರೆ ಜಹಾಂಗೀರ್ ಗ್ವಾಲಿಯರ್ ಕೋಟೆಯಲ್ಲಿ ಸೆರೆಯಿಟ್ಟ. ಬಿಡುಗಡೆಯ ಅಪ್ಪಣೆ ಬಂದಾಗ, ಜೊತೆಯಲ್ಲಿದ್ದ 52 ರಾಜರನ್ನು ಬಿಟ್ಟು ತಾನೊಬ್ಬನೇ ಹೊರಬರಲಾರೆ ಎಂದರಂತೆ. ಗುರುಗಳ ನಿಲುವಂಗಿಯನ್ನು ಹಿಡಿದುಕೊಳ್ಳಲು ಆದವರಷ್ಟೇ ಹೊರಬರಲಿ ಎಂದು ದೊರೆ ಷರತ್ತು ಹಾಕಿದಾಗ, 52 ಕುಚ್ಚುಗಳಿರುವ ನಿಲುವಂಗಿಯನ್ನು ಹೊಲಿಸಿ, ಒಬ್ಬೊಬ್ಬರ ಕೈಗೂ ಒಂದೊಂದು ಕುಚ್ಚನ್ನು ಕೊಟ್ಟು ಎಲ್ಲರನ್ನೂ ಕರೆತಂದರು ಎಂದು ಸಿಖ್ ಪರಂಪರೆ ಹೇಳುತ್ತದೆ. ಅದಕ್ಕೇ ಆ ದಿನಕ್ಕೆ 'ಬಂದಿ ಛೋಡ್ ದಿವಸ್', ಅಂದರೆ ಸೆರೆಯಾಳುಗಳನ್ನು ಬಿಡಿಸಿದ ದಿನ ಎಂದು ಹೆಸರು.

ನರಕಾಸುರನ ಸೆರೆಯಿಂದ ಬಿಡುಗಡೆ, ಗ್ವಾಲಿಯರ್ ಕೋಟೆಯಿಂದ ಬಿಡುಗಡೆ. ಎರಡರಲ್ಲೂ ದೀಪ ಹಚ್ಚುವುದು ಸೆರೆಯಿಂದ ಹೊರಬಂದವರಿಗಾಗಿ. ನಜರೇತಿನ ಪ್ರಾರ್ಥನಾಮಂದಿರದಲ್ಲಿ ಯೇಸು ಯೆಶಾಯನ ಗ್ರಂಥವನ್ನು ಓದಿ, ಬಂಧಿತರಿಗೆ ಬಿಡುಗಡೆಯನ್ನು ಸಾರಲು ತಾವು ಬಂದಿರುವುದಾಗಿ ತಿಳಿಸಿದ್ದನ್ನು (ಲೂಕ 4:16-21) ಇಲ್ಲಿ ನೆನೆಯದೆ ಇರಲಾಗುವುದಿಲ್ಲ. ನೆರೆಯವರ ಹಬ್ಬದಲ್ಲಿರುವ ಈ ಹಂಬಲ ನಮಗೆ ಅಪರಿಚಿತವಲ್ಲ.

3. ಗುರುನಾನಕ್ ಜಯಂತಿ: ಒಂದೇ ಪಂಕ್ತಿಯ ಊಟ

ದೀಪಾವಳಿ ಅಮಾವಾಸ್ಯೆ ಕಳೆದು ಹದಿನೈದು ದಿನಕ್ಕೆ, ಕಾರ್ತಿಕ ಹುಣ್ಣಿಮೆಯಂದು, ಸಿಖ್ಖರು ಗುರುನಾನಕರ ಜಯಂತಿಯನ್ನು ಆಚರಿಸುತ್ತಾರೆ. ನಾನಕರು 1469ರಲ್ಲಿ ತಲವಂಡಿಯಲ್ಲಿ ಹುಟ್ಟಿದರು. ಆ ಊರು ಈಗ ಪಾಕಿಸ್ತಾನದ ನನಕಾನಾ ಸಾಹಿಬ್. ದೇವರು ಒಬ್ಬನೇ ಎಂಬುದೂ, ಅವನ ಮುಂದೆ ಜಾತಿಯ ಮೇಲುಕೀಳಿಲ್ಲ ಎಂಬುದೂ, ದುಡಿದು ಹಂಚಿ ತಿನ್ನಬೇಕು ಎಂಬುದೂ ಅವರ ಉಪದೇಶ. ಜಯಂತಿಗೆ ಮುಂಚೆ ಗುರುದ್ವಾರಗಳಲ್ಲಿ ಗುರು ಗ್ರಂಥ ಸಾಹಿಬನ್ನು 48 ಗಂಟೆ ಕಾಲ ಎಡೆಬಿಡದೆ ಓದುತ್ತಾರೆ. ಬೆಳಗಿನ ಜಾವ ಹಾಡುತ್ತಾ ಬೀದಿಗಳಲ್ಲಿ ಸಾಗುತ್ತಾರೆ. ಗ್ರಂಥವನ್ನು ಅಲಂಕರಿಸಿದ ವಾಹನದಲ್ಲಿಟ್ಟು ಮೆರವಣಿಗೆ ಮಾಡುತ್ತಾರೆ. ಕೊನೆಗೆ ಲಂಗರ್: ಬಡವ ಬಲ್ಲಿದ, ಸ್ತ್ರೀ ಪುರುಷ, ಯಾವ ಧರ್ಮದವರೇ ಆಗಲಿ, ನೆಲದ ಮೇಲೆ ಒಂದೇ ಸಾಲಿನಲ್ಲಿ ಕೂತು ಊಟ ಮಾಡುತ್ತಾರೆ. ಮೂರನೆಯ ಗುರು ಅಮರದಾಸರನ್ನು ಕಾಣಲು ಬಂದ ಅಕ್ಬರನೂ ಮೊದಲು ಆ ಸಾಲಿನಲ್ಲಿ ಕೂತು ಉಂಡನೆಂದು ಅವರ ಪರಂಪರೆ ಹೇಳುತ್ತದೆ.

ಇದು ದೂರದ ಪಂಜಾಬಿನ ವಿಷಯ, ನಮಗೇಕೆ ಎನ್ನಬೇಡಿ. 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋಬಿಂದ ಸಿಂಗರು ಖಾಲ್ಸಾ ಸ್ಥಾಪಿಸಿದಾಗ, ತಲೆ ಕೊಡಲು ಮುಂದೆ ಬಂದ 'ಪಂಚ ಪ್ಯಾರೇ'ಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಕನ್ನಡ ನೆಲದ ಬೀದರಿನವರು, ಕ್ಷೌರಿಕ ಕುಲದವರು. ಬೀದರಿನ ನಾನಕ್ ಝೀರಾ ಗುರುದ್ವಾರಕ್ಕೆ ಇಂದಿಗೂ ಎಲ್ಲೆಡೆಯಿಂದ ಜನ ಬರುತ್ತಾರೆ. ಇನ್ನು ನಮ್ಮ ಧರ್ಮಕೇಂದ್ರದಿಂದ ದೆಹಲಿ, ಪಂಜಾಬಿನ ಕಡೆ ನರ್ಸಿಂಗ್ ಕೆಲಸಕ್ಕೂ ಓದಿಗೂ ಹೋದ ಮಕ್ಕಳು ಸಿಖ್ ಮನೆಗಳ ಬಾಡಿಗೆಗೆ ಇದ್ದಾರೆ, ಗುರುದ್ವಾರದ ಊಟ ಉಂಡಿದ್ದಾರೆ.

ಆ ಪಂಕ್ತಿಯನ್ನು ನೋಡಿ ನಾವು ನಮ್ಮನ್ನೇ ಕೇಳಿಕೊಳ್ಳಬೇಕು. ಚರ್ಚಿನ ವಾರ್ಷಿಕ ಹಬ್ಬದ ಊಟದಲ್ಲಿ ನಾವು ಯಾರ ಪಕ್ಕ ಕೂರುತ್ತೇವೆ? ಉಳ್ಳವರು ಮೊದಲೇ ಉಂಡು, ಬಡವರು ಹಸಿದಿರುವುದನ್ನು ಕಂಡು ಸಂತ ಪೌಲರು ಕೊರಿಂಥದ ಕ್ರೈಸ್ತರನ್ನು ಗದರಿದರು (1 ಕೊರಿಂಥ 11:20-22). ಆ ಗದರಿಕೆ ನಮಗೂ ಸೇರಿದ್ದು.

4. ಧರ್ಮಸಭೆ ಏನು ಕಲಿಸುತ್ತದೆ?

ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು 'ನೋಸ್ತ್ರಾ ಎತಾತೆ' ಎಂಬ ಘೋಷಣೆಯನ್ನು ಹೊರಡಿಸಿತು. ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಳ್ಳಿಹಾಕುವುದಿಲ್ಲ ಎಂಬುದು ಅದರ ಬೋಧೆ. ಅದೇ ಘೋಷಣೆ ಇನ್ನೊಂದು ಮಾತನ್ನೂ ಹೇಳುತ್ತದೆ: ಮಾರ್ಗವೂ ಸತ್ಯವೂ ಜೀವವೂ ಆದ ಕ್ರಿಸ್ತರನ್ನು ಸಾರುವುದನ್ನು ಧರ್ಮಸಭೆ ಬಿಡಲಾರದು. ಮೊದಲನೆಯ ಮಾತನ್ನು ಮರೆತವರು ನೆರೆಯವರನ್ನು ಹೀಗಳೆಯುತ್ತಾರೆ. ಎರಡನೆಯದನ್ನು ಮರೆತವರು ತಮ್ಮ ದೀಕ್ಷಾಸ್ನಾನವನ್ನೇ ಹಗುರ ಮಾಡಿಕೊಳ್ಳುತ್ತಾರೆ. ಎರಡನ್ನೂ ಹಿಡಿದವನೇ ಕಥೋಲಿಕ. ವ್ಯಾಟಿಕನ್ನಿನ ಅಂತರಧರ್ಮ ಸಂವಾದ ವಿಭಾಗವು ಪ್ರತಿ ವರ್ಷ ದೀಪಾವಳಿಗೆ ಹಿಂದೂಗಳಿಗೆ ಶುಭಾಶಯ ಪತ್ರ ಕಳಿಸುತ್ತದೆ. ಗುರುನಾನಕ್ ಜಯಂತಿಗೆ ಸಿಖ್ಖರಿಗೂ ಪತ್ರ ಬರೆದಿದೆ. ಹಾಗಿರುವಾಗ ಬೇಲಿಯಾಚೆಯ ಮನೆಗೆ ಒಂದು ಶುಭಾಶಯ ಹೇಳಲು ನಾವು ಹಿಂಜರಿಯಬೇಕಿಲ್ಲ.

5. ತಿಂಡಿಯ ತಟ್ಟೆ

ಒಂದು ಮನೆಯಲ್ಲಿ ನಡೆದದ್ದು. ದೀಪಾವಳಿಗೆ ಪಕ್ಕದ ಮನೆಯ ಅಕ್ಕ ತಟ್ಟೆ ತುಂಬ ಹೋಳಿಗೆ, ಚಕ್ಕುಲಿ ತಂದರು. ಆಗಷ್ಟೇ ಧ್ಯಾನಕೂಟ ಮುಗಿಸಿ ಬಂದಿದ್ದ ಮನೆಯ ಮಗ, "ನಾವು ಇದನ್ನೆಲ್ಲ ತಿನ್ನುವುದಿಲ್ಲ" ಎಂದು ಬಾಗಿಲಲ್ಲೇ ಹಿಂದೆ ಕಳಿಸಿದ. ಅಕ್ಕ ಏನೂ ಹೇಳಲಿಲ್ಲ. ಎರಡು ತಿಂಗಳು ಕಳೆದು ಕ್ರಿಸ್ಮಸ್ ಬಂತು. ತಾಯಿ ಅಳುಕುತ್ತಲೇ ಕುಸ್ವಾರಿನ ತಟ್ಟೆ ಹಿಡಿದು ಆ ಮನೆಯ ಮೆಟ್ಟಿಲು ಹತ್ತಿದರು. ಅಕ್ಕ ಎರಡೂ ಕೈಯಲ್ಲಿ ತೆಗೆದುಕೊಂಡು, "ನೀವು ತರುತ್ತೀರೋ ಇಲ್ಲವೋ ಅಂತ ಮಕ್ಕಳು ಕಾಯುತ್ತಾ ಇದ್ದರು" ಎಂದರು. ಆ ದಿನ ಯಾರು ಯಾರಿಗೆ ಸುವಾರ್ತೆ ಸಾರಿದರು?

ಪೌಲರು ಈ ಪ್ರಶ್ನೆಯನ್ನು ಎದುರಿಸಿದ್ದರು (1 ಕೊರಿಂಥ 8 ಮತ್ತು 10 ಓದಿರಿ). ಅವರ ಉತ್ತರದ ಸಾರ ಮೂರು ಮಾತು. ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಪ್ರಶ್ನೆ ಕೇಳದೆ ಉಣ್ಣಿರಿ. ಇದು ದೇವತೆಗೆ ಅರ್ಪಿಸಿದ್ದು ಎಂದು ಯಾರಾದರೂ ತಿಳಿಸಿದರೆ, ಆ ವ್ಯಕ್ತಿಯ ಮನಸ್ಸಾಕ್ಷಿಯನ್ನು ನೆನೆದು ಬಿಡಿರಿ. ಪ್ರಭುವಿನ ಪೀಠದಲ್ಲಿ ಪಾಲುಗೊಂಡವರು ಬೇರೊಂದು ಪೀಠದ ಆರಾಧನೆಯಲ್ಲಿ ಪಾಲುಗೊಳ್ಳಲಾಗದು.

ಹಾಗಾದರೆ ನೆರೆಯವರು ಹಂಚುವ ಹಬ್ಬದ ತಿಂಡಿ ಪ್ರೀತಿಯ ಕೊಡುಗೆ; ದೇವರಿಗೆ ಕೃತಜ್ಞತೆ ಹೇಳಿ ಉಣ್ಣೋಣ. ಪೂಜೆ, ಆರತಿ, ನೈವೇದ್ಯಗಳು ಅವರ ಆರಾಧನೆ. ಅಲ್ಲಿ ಗೌರವದಿಂದ ಇರಬಹುದು, ಅದು ನಮ್ಮದೇ ಎಂಬಂತೆ ಮಾಡಬಾರದು. 'ಪ್ರಸಾದ' ಎಂಬ ಪದವನ್ನು ನಾವೂ ವರಪ್ರಸಾದ, ಪರಮಪ್ರಸಾದ ಎಂದು ಬಳಸುತ್ತೇವೆ. ಅದರ ಬೆಲೆ ನಮಗೆ ಗೊತ್ತು. ಆದ್ದರಿಂದಲೇ ಅವರ ಪ್ರಸಾದವನ್ನು ಹೀಯಾಳಿಸುವುದಾಗಲಿ, ತೆಗೆದುಕೊಂಡು ಎಸೆಯುವುದಾಗಲಿ ಕೂಡದು. ಬೇಡವೆನ್ನಬೇಕಾದಲ್ಲಿ ಕೈಮುಗಿದು ಮೆಲ್ಲಗೆ ಹೇಳಿದರೆ ಸಾಕು.

ಇದರಿಂದ ಅವರಿಗೆ ಬೇಸರವಾಗುವುದಿಲ್ಲವೇ? ನಮ್ಮ ಕ್ರಿಸ್ಮಸ್ ರಾತ್ರಿಯನ್ನು ನೆನೆಯಿರಿ. ಹಿಂದೂ ಗೆಳೆಯರು ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ, ಗೋದಲಿ ನೋಡುತ್ತಾರೆ. ಪರಮಪ್ರಸಾದದ ಸಾಲಿಗೆ ಬರುವುದಿಲ್ಲ. ಅವರು ನಮ್ಮನ್ನು ಅವಮಾನಿಸಿದರೆಂದು ನಾವು ಎಣಿಸುತ್ತೇವೆಯೇ? ಇಲ್ಲ. ಪೂಜೆ ಮುಗಿದ ಮೇಲೆ ಮನೆಗೆ ಕರೆದು ಕೇಕ್ ಕೊಡುತ್ತೇವೆ. ಅವರು ನಮ್ಮ ಪೀಠಕ್ಕೆ ಕೊಡುವ ಮರ್ಯಾದೆಯನ್ನು ನಾವು ಅವರ ಪೂಜೆಗೆ ಕೊಡೋಣ. ಊಟದ ಎಲೆಗೆ ಎಲ್ಲರೂ ಒಟ್ಟಿಗೆ, ಆರಾಧನೆಗೆ ಅವರವರ ಪೀಠ: ಇದು ನಮ್ಮ ಹಿರಿಯರು ನಡೆದು ತೋರಿಸಿದ ದಾರಿಯೂ ಹೌದು.

6. ಮನೆಯಲ್ಲಿ ಆಚರಣೆಗೆ

ಮಿಶ್ರ ವಿವಾಹವಾದ ಮನೆಗಳಲ್ಲಿ ಈ ವಿಷಯ ಇನ್ನೂ ಸೂಕ್ಷ್ಮ. ಅಳಿಯನಿಗೆ ಮೊದಲ ದೀಪಾವಳಿಗೆ ಹೆಂಡತಿಯ ತವರಿನಿಂದ ಕರೆ ಬರುತ್ತದೆ. ಹೋಗಬೇಕು. ಎಣ್ಣೆಸ್ನಾನ, ಹೊಸಬಟ್ಟೆ, ಹಬ್ಬದೂಟ, ಹಿರಿಯರ ಆಶೀರ್ವಾದ ಎಲ್ಲವೂ ಸಂಬಂಧವನ್ನು ಬಲಪಡಿಸುತ್ತವೆ. ಪೂಜೆಯ ಹೊತ್ತಿಗೆ ಏನು ಮಾಡಬೇಕೆಂದು ಗಂಡ ಹೆಂಡತಿ ಮುಂಚೆಯೇ ಮಾತಾಡಿಕೊಂಡು, ಹಿರಿಯರಿಗೂ ತಿಳಿಸಿದ್ದರೆ ಆ ಕ್ಷಣದಲ್ಲಿ ಯಾರಿಗೂ ಮುಜುಗರವಿಲ್ಲ. ಸಂದೇಹವಿದ್ದರೆ ಧರ್ಮಗುರುಗಳನ್ನು ಕೇಳಿರಿ.

ಗುರುದ್ವಾರಕ್ಕೆ ಹೋಗುವ ಮಕ್ಕಳು ತಲೆಗೆ ಬಟ್ಟೆ ಕಟ್ಟಿ, ಚಪ್ಪಲಿ ಹೊರಗಿಟ್ಟು, ಮೌನವಾಗಿ ಕೂರಲಿ. ಲಂಗರ್‌ನಲ್ಲಿ ಉಂಡು ಬರುವುದಷ್ಟೇ ಅಲ್ಲ, ಬಡಿಸಲು, ಪಾತ್ರೆ ತೊಳೆಯಲು ಕೈಜೋಡಿಸಲಿ.

ದೀಪಾವಳಿಯ ಸಂಜೆ ನಮ್ಮ ಮನೆಯಲ್ಲೂ ದೀಪ ಹಚ್ಚುವುದಾದರೆ, ಪಾಸ್ಖ ಜಾಗರಣೆಯ ದೀಪವನ್ನು ನೆನೆದು, ಯೊವಾನ್ನ 8:12 ಓದಿ, ನೆರೆಮನೆಯವರಿಗಾಗಿ ಹೆಸರು ಹಿಡಿದು ಪ್ರಾರ್ಥಿಸಿರಿ. ಆಗ ನಮ್ಮ ದೀಪ ಅವರ ದೀಪದ ನಕಲೂ ಅಲ್ಲ, ಎದುರಾಳಿಯೂ ಅಲ್ಲ.

ಚರ್ಚೆಗೆ ಪ್ರಶ್ನೆಗಳು

1. ನೆರೆಮನೆಯ ಯಾವ ಹಬ್ಬದ ಅರ್ಥವನ್ನು ನೀವು ಅವರನ್ನೇ ಕೇಳಿ ತಿಳಿದಿದ್ದೀರಿ?
2. 1 ಕೊರಿಂಥ 10:23-33 ಓದಿರಿ. ನಿಮ್ಮ ಮನೆಯ ಯಾವ ಸನ್ನಿವೇಶಕ್ಕೆ ಇದು ಅನ್ವಯಿಸುತ್ತದೆ?
3. ನಿಮ್ಮ ಮಾತಿನಿಂದಲೋ ನಡತೆಯಿಂದಲೋ ಮುರಿದ ನೆರೆಯ ಸಂಬಂಧವೊಂದಿದ್ದರೆ, ಈ ವರ್ಷ ಅದನ್ನು ಸರಿಪಡಿಸಲು ಮೊದಲ ಹೆಜ್ಜೆ ಯಾವುದು?

ಪ್ರಾರ್ಥನೆ

ಜಗತ್ತಿನ ಬೆಳಕಾದ ಪ್ರಭುವೇ, ನಮ್ಮ ನೆರೆಯವರ ಮನೆಗಳನ್ನು ನಿಮ್ಮ ಶಾಂತಿಯಿಂದ ತುಂಬಿಸಿರಿ. ಅವರ ಹಬ್ಬದಲ್ಲಿರುವ ಒಳಿತನ್ನು ಕಾಣುವ ಕಣ್ಣನ್ನೂ, ನಿಮ್ಮಲ್ಲಿಟ್ಟ ವಿಶ್ವಾಸದಲ್ಲಿ ನಿಲ್ಲುವ ಕಾಲನ್ನೂ, ತಟ್ಟೆ ಹಿಡಿದು ಬಂದವರನ್ನು ಎರಡೂ ಕೈಯಲ್ಲಿ ಎದುರುಗೊಳ್ಳುವ ಮನಸ್ಸನ್ನೂ ನಮಗೆ ದಯಪಾಲಿಸಿರಿ. ಆಮೆನ್.