ಒಂದು ಪದ, ಹತ್ತು ಅಕ್ಕಿಕಾಳು



ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಎರಡು ದೂರುಗಳು ಸಾಮಾನ್ಯ. ಮಕ್ಕಳು ಹೊತ್ತುಗೊತ್ತಿಲ್ಲದೆ ಮೊಬೈಲಿನಲ್ಲಿ ಆಟವಾಡುತ್ತಾರೆ ಎಂಬುದು ಒಂದು. ಇಂಗ್ಲಿಷ್ ಪದಗಳ ಅರ್ಥ ಗೊತ್ತಿಲ್ಲ, ಕನ್ನಡ ಪದಗಳೂ ಮರೆತುಹೋಗುತ್ತಿವೆ ಎಂಬುದು ಇನ್ನೊಂದು. ಆಡುತ್ತಲೇ ಪದ ಕಲಿಯಬಹುದು, ಕಲಿಯುತ್ತಲೇ ಹಸಿದವರಿಗೆ ನೆರವಾಗಬಹುದು ಎಂಬ ಉದ್ದೇಶದಿಂದ ಅಂತರ್ಜಾಲದಲ್ಲಿ ಹುಟ್ಟಿದ ಆಟವೊಂದಿದೆ. ಅದರ ಹೆಸರು 'ಫ್ರೀ ರೈಸ್'. ಅದರಿಂದ ನಮಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಈ ವಾರ ಯೋಚಿಸೋಣ.

ಆಟ ಹುಟ್ಟಿದ ಬಗೆ

ಅಮೆರಿಕದ ಇಂಡಿಯಾನಾ ರಾಜ್ಯದ ಜಾನ್ ಬ್ರೀನ್ ಎಂಬವರು ಕಂಪ್ಯೂಟರ್ ತಂತ್ರಜ್ಞರು. ಹಸಿವಿನ ಪರಿಹಾರಕ್ಕೆ ಜಾಹೀರಾತುದಾರರಿಂದ ಹಣ ಕೂಡಿಸುವ 'ಹಂಗರ್ ಸೈಟ್' ಎಂಬ ತಾಣವನ್ನು ಅವರು 1999ರಲ್ಲೇ ಆರಂಭಿಸಿದ್ದರು. ಮುಂದೆ ಅವರ ಮಗ ಕಾಲೇಜು ಪ್ರವೇಶ ಪರೀಕ್ಷೆಗೆ ಓದುವಾಗ ಇಂಗ್ಲಿಷ್ ಪದಗಳನ್ನು ಕಲಿಯಬೇಕಾಯಿತು. ಮಗನಿಗೆಂದು ತಂದೆ ಒಂದು ಪದಪರೀಕ್ಷೆ ಸಿದ್ಧಪಡಿಸಿದರು. ಮಗನ ಓದು ಮತ್ತು ಹಸಿದವರ ಊಟ, ಈ ಎರಡನ್ನೂ ಒಂದೇ ಕೆಲಸದಲ್ಲಿ ಸೇರಿಸಿದ್ದು ಅವರ ಜಾಣ್ಮೆ.

2007ರ ಅಕ್ಟೋಬರ್ 7ರಂದು ಆಟ ಆರಂಭವಾಯಿತು. ಮೊದಲ ದಿನ ಕೂಡಿದ್ದು 830 ಅಕ್ಕಿಕಾಳು. ಆದರೆ ಸುಮಾರು ಒಂದು ತಿಂಗಳಲ್ಲಿ ಅದು ನೂರು ಕೋಟಿ ಕಾಳು ದಾಟಿತು. ಅಂದರೆ 50 ಸಾವಿರ ಜನರ ಒಂದು ದಿನದ ಅನ್ನ! 2009ರಲ್ಲಿ ಬ್ರೀನ್ ಅವರು ಈ ಆಟವನ್ನು ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮಕ್ಕೆ ದಾನವಾಗಿ ಒಪ್ಪಿಸಿದರು. 1961ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಪ್ರಧಾನ ಕಚೇರಿ ಇರುವುದು ರೋಮ್ ನಗರದಲ್ಲಿ. 2016ರಲ್ಲಿ ಪೋಪ್ ಫ್ರಾನ್ಸಿಸರು ಅಲ್ಲಿಗೆ ಭೇಟಿ ನೀಡಿದ್ದರು. 2020ರಲ್ಲಿ ಆ ಸಂಸ್ಥೆಗೆ ನೊಬೆಲ್ ಶಾಂತಿ ಪ್ರಶಸ್ತಿ ದೊರಕಿತು.

ಅಕ್ಕಿ ಎಲ್ಲಿಂದ ಬರುತ್ತದೆ?

ಆಟ ಬಹಳ ಸರಳ. ಪರದೆಯ ಮೇಲೆ ಒಂದು ಪದ, ಅದರ ಕೆಳಗೆ ನಾಲ್ಕು ಅರ್ಥಗಳು. ಸರಿಯಾದುದನ್ನು ಆರಿಸಿದರೆ ಬಟ್ಟಲಿನ ಚಿತ್ರದೊಳಗೆ ಅಕ್ಕಿಕಾಳು ಬೀಳುತ್ತದೆ. ಆರಂಭದಲ್ಲಿ ಪ್ರತಿ ಸರಿಯುತ್ತರಕ್ಕೆ 10 ಕಾಳುಗಳ ಲೆಕ್ಕವಿತ್ತು. ನಡುವೆ ಕೆಲಕಾಲ ಅದು 20 ಆಗಿತ್ತು. ಈ ಅಕ್ಕಿಯ ಬೆಲೆಯನ್ನು ಕೊಡುವವರು ಆಟಗಾರರಲ್ಲ, ಅಲ್ಲಿ ಜಾಹೀರಾತು ಹಾಕುವ ಕಂಪನಿಗಳು. ಆ ಹಣದಿಂದ ವಿಶ್ವ ಆಹಾರ ಕಾರ್ಯಕ್ರಮ ಆಹಾರ ಕೊಂಡು ಹಂಚುತ್ತದೆ. ಮೊದಮೊದಲು ಕೂಡಿದ ಅಕ್ಕಿ ಬಾಂಗ್ಲಾದೇಶದಲ್ಲಿದ್ದ ಮ್ಯಾನ್ಮಾರ್ ನಿರಾಶ್ರಿತರಿಗೆ ಸಂದಿತು.

ಈಗ ಸ್ವಲ್ಪ ಲೆಕ್ಕ ಹಾಕೋಣ. ಒಂದು ಗ್ರಾಂ ಅಕ್ಕಿಗೆ ಸುಮಾರು 48 ಕಾಳು ಎಂದು ಹಿಡಿಯಿರಿ. ಒಬ್ಬರಿಗೆ ದಿನಕ್ಕೆ 400 ಗ್ರಾಂ ಬೇಕೆಂದರೆ 19,200 ಕಾಳು. ಹತ್ತು ಕಾಳಿನಂತೆ ಎಣಿಸಿದರೆ 1,920 ಪದಗಳಿಗೆ ಸರಿಯುತ್ತರ ಹೇಳಬೇಕು. ನಿಮ್ಮ ಮಗಳು ಒಂದು ಸಂಜೆ ಕುಳಿತು ನೂರು ಪದಗಳನ್ನು ಗೆದ್ದರೆ ಬರುವುದು ಸಾವಿರ ಕಾಳು, ಅಂದರೆ 21 ಗ್ರಾಂ. ಅದು ಅರ್ಧ ಹಿಡಿಯಷ್ಟೇ.

ಹಾಗಾದರೆ ಇದು ವ್ಯರ್ಥವೇ? ಅಲ್ಲ. ಹನಿಗೂಡಿದರೆ ಹಳ್ಳ ಎಂಬುದು ಇಲ್ಲಿ ಅಕ್ಷರಶಃ ನಿಜವಾಗಿದೆ. ಆದರೆ ಇಷ್ಟು ಆಡಿ, "ನಾನೂ ದಾನ ಮಾಡಿದೆ" ಎಂದು ಕೈತೊಳೆದುಕೊಂಡರೆ ನಮ್ಮನ್ನು ನಾವೇ ವಂಚಿಸಿಕೊಂಡಂತೆ. ಶುಭಸಂದೇಶದ ಬಡ ವಿಧವೆ ಕಾಣಿಕೆ ಪೆಟ್ಟಿಗೆಗೆ ಹಾಕಿದ ಎರಡು ಕಾಸು ಎಷ್ಟೇ ಚಿಕ್ಕದಾದರೂ ಅದು ಅವಳದೇ ಆಗಿತ್ತು. ಆಟದಲ್ಲಿ ಬೀಳುವ ಅಕ್ಕಿ ಬೇರೆಯವರ ಹಣದ್ದು. ಅಲ್ಲಿ ನಮ್ಮದೆಂದು ಇರುವುದು ನಮ್ಮ ಸಮಯ ಮತ್ತು ನಮ್ಮ ಕಲಿಕೆ ಮಾತ್ರ. ಅದನ್ನಾದರೂ ಪ್ರಾಮಾಣಿಕವಾಗಿ ಕೊಡಬೇಡವೇ?

ಪದ ಕಲಿಯುವ ಕ್ರಮ

ನಾಲ್ಕು ಉತ್ತರಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಒತ್ತಿದರೂ ಸರಾಸರಿ ನಾಲ್ಕಕ್ಕೆ ಒಂದು ಸರಿಯಾಗುತ್ತದೆ, ಅಕ್ಕಿಯೂ ಬೀಳುತ್ತದೆ. ಆದರೆ ಪದ ಮಾತ್ರ ನಮ್ಮದಾಗುವುದಿಲ್ಲ. ಮೂಲ ಆಟದಲ್ಲಿ ಸರಿಯುತ್ತರ ಕೊಟ್ಟಂತೆ ಪದಗಳು ಕಠಿಣವಾಗುತ್ತಿದ್ದವು, ತಪ್ಪಿದರೆ ಒಂದು ಮೆಟ್ಟಿಲು ಇಳಿಯಬೇಕಿತ್ತು. ತಪ್ಪಿದ ಪದ ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಎದುರಾಗುತ್ತಿತ್ತು. ಇದು ಒಳ್ಳೆಯ ಉಪಾಧ್ಯಾಯರ ಕ್ರಮ. ಮನೆಯಲ್ಲಿ ಮಕ್ಕಳು ಆಡುವಾಗ ನೀವೂ ಪಕ್ಕದಲ್ಲಿ ಕುಳಿತು ಹೀಗೆ ಮಾಡಿಸಿ:

1. ಉತ್ತರಗಳನ್ನು ಕೈಯಿಂದ ಮುಚ್ಚಿ, ಮೊದಲು ಅರ್ಥವನ್ನು ಬಾಯಲ್ಲಿ ಹೇಳಿಸಿ. ಆಮೇಲೆ ಕೈ ತೆಗೆದು ಆರಿಸಲಿ.
2. ತಪ್ಪಿದ ಪದಗಳನ್ನು ಮಾತ್ರ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಮರುದಿನ ಅಲ್ಲಿಂದಲೇ ಶುರುಮಾಡಿ.
3. ಪ್ರತಿ ಹೊಸ ಪದವನ್ನು ಮನೆಯ ಸಂಗತಿಯೊಂದಕ್ಕೆ ಸೇರಿಸಿ ವಾಕ್ಯ ಮಾಡಿಸಿ.
4. ಪದದ ಬೇರು ಹುಡುಕಿ.

ಈ ನಾಲ್ಕನೆಯದು ಬಹಳ ಸ್ವಾರಸ್ಯದ ಕೆಲಸ. 'ಕಂಪ್ಯಾನಿಯನ್' ಎಂದರೆ ಸಂಗಾತಿ ಎಂದು ಮಕ್ಕಳಿಗೆ ಗೊತ್ತು. ಆದರೆ ಅದರ ಲತೀನ್ ಬೇರಿನಲ್ಲಿ 'ಪಾನಿಸ್' ಇದೆ. ಪಾನಿಸ್ ಎಂದರೆ ರೊಟ್ಟಿ. ಜೊತೆಯಲ್ಲಿ ರೊಟ್ಟಿ ಹಂಚಿ ತಿನ್ನುವವನೇ ಸಂಗಾತಿ! 'ಚಾರಿಟಿ' ಎಂಬ ಪದ 'ಕಾರಿತಾಸ್' ಎಂಬುದರಿಂದ ಬಂದದ್ದು. ಅದರ ಅರ್ಥ ಪ್ರೀತಿ. 1962ರಲ್ಲಿ ಆರಂಭವಾದ ಕಾರಿತಾಸ್ ಇಂಡಿಯಾ ಸಂಸ್ಥೆಯ ಹೆಸರಿನಲ್ಲಿರುವುದೂ ಇದೇ ಪದ. ಹೀಗೆ ಬೇರು ಹಿಡಿದು ಕಲಿತ ಪದವನ್ನು ಮಗು ಮರೆಯುವುದಿಲ್ಲ.

ನಮ್ಮ ಮಾತಿನ ಅಕ್ಕಿ

ಇಂಗ್ಲಿಷಿನಲ್ಲಿ ಗದ್ದೆಯಲ್ಲಿರುವುದೂ 'ರೈಸ್', ಚೀಲದಲ್ಲಿರುವುದೂ 'ರೈಸ್', ತಟ್ಟೆಯಲ್ಲಿರುವುದೂ 'ರೈಸ್'. ನಮ್ಮಲ್ಲಿ ಹಾಗಲ್ಲ. ಗದ್ದೆಯಲ್ಲಿ ಬತ್ತ, ಚೀಲದಲ್ಲಿ ಅಕ್ಕಿ, ತಟ್ಟೆಯಲ್ಲಿ ಅನ್ನ. ನಾಟಿಯ ಸಸಿಗೆ ಕರಾವಳಿಯಲ್ಲಿ ನೇಜಿ ಎನ್ನುತ್ತಾರೆ. ಕುಟ್ಟಿದಾಗ ಬರುವುದು ತೌಡು, ಮುರಿದದ್ದು ನುಚ್ಚು, ಬೇಯಿಸಿ ಒಣಗಿಸಿ ಮಾಡಿದ್ದು ಕುಚ್ಚಲಕ್ಕಿ. ಅವಲಕ್ಕಿ, ಮಂಡಕ್ಕಿ, ಗಂಜಿ ಬೇರೆ. ದುಡಿದು ಉಂಡ ಜನರು ಕಟ್ಟಿದ ಪದಗಳಿವು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70 ಸಾವಿರ ಪದಗಳಿವೆ. ಅವುಗಳಲ್ಲಿ ಎಷ್ಟು ನಮ್ಮ ಮಕ್ಕಳಿಗೆ ಗೊತ್ತು?

ಆದ್ದರಿಂದ ಇದೇ ಆಟವನ್ನು ಮನೆಯಲ್ಲಿ ಕನ್ನಡದಲ್ಲೂ ಆಡಬಹುದು. ಇದಕ್ಕೆ ಅಂತರ್ಜಾಲ ಬೇಡ, ಒಂದು ಖಾಲಿ ಡಬ್ಬ ಸಾಕು. ಸಂಜೆಯ ಜಪಸರ ಮುಗಿದ ಮೇಲೆ ಕಾಲು ಗಂಟೆ ಎಲ್ಲರೂ ಕುಳಿತುಕೊಳ್ಳಿ. ಅಜ್ಜ ಅಜ್ಜಿ ಪದ ಹೇಳಲಿ, ಮೊಮ್ಮಕ್ಕಳು ಅರ್ಥ ಹೇಳಲಿ. ಹತ್ತು ಪದಗಳು ಮುಗಿದ ಮೇಲೆ ಮಗುವೇ ತನ್ನ ಕೈಯಾರೆ ಒಂದು ಹಿಡಿ ಅಕ್ಕಿಯನ್ನು ಡಬ್ಬಕ್ಕೆ ಹಾಕಲಿ. ಉತ್ತರ ತಪ್ಪಿದರೆ ಅಕ್ಕಿ ನಿಲ್ಲಿಸಬೇಡಿ. ಮಗುವಿನ ತಪ್ಪಿಗೆ ಹಸಿದವರು ಯಾಕೆ ಕಷ್ಟಪಡಬೇಕು? ತಪ್ಪಿದ ಪದವನ್ನು ಮರುದಿನ ಮನೆಮಂದಿಯೆಲ್ಲ ಒಮ್ಮೆಯಾದರೂ ಬಳಸಬೇಕು ಎಂಬ ನಿಯಮ ಸಾಕು.

ಹಿಡಿಗೆ 40 ಗ್ರಾಂ ಎಂದರೂ ತಿಂಗಳಿಗೆ 1,200 ಗ್ರಾಂ ಅಕ್ಕಿ ಕೂಡುತ್ತದೆ. ಇಷ್ಟನ್ನು ಹತ್ತು ಕಾಳಿನ ಲೆಕ್ಕದ ಆಟದಲ್ಲಿ ಗಳಿಸಲು 5,760 ಸರಿಯುತ್ತರ ಬೇಕು. ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಝಾನಾಮ್ ಮತ್ತು ಅವರ ಗೆಳೆಯರು 1833ರಲ್ಲಿ ಆರಂಭಿಸಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ನಿಮ್ಮ ಧರ್ಮಕೇಂದ್ರದಲ್ಲೂ ಇದ್ದರೆ ಡಬ್ಬವನ್ನು ಅವರಿಗೆ ಒಪ್ಪಿಸಿ. ಸಾಧ್ಯವಾದರೆ ಮಗುವನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅಕ್ಕಿ ಯಾರ ಒಲೆಯ ಮೇಲೆ ಬೇಯುತ್ತದೆ ಎಂಬುದು ಅದಕ್ಕೂ ತಿಳಿಯಲಿ. ಆದರೆ ಆ ಮನೆಯವರ ಮಾನಕ್ಕೆ ಕುಂದು ಬಾರದಂತೆ ನೋಡಿಕೊಳ್ಳಿ. ಫೋಟೋ ತೆಗೆಯುವುದು, ಊರಿಗೆಲ್ಲ ಹೇಳುವುದು ಬೇಡ.

ಅಂತರ್ಜಾಲದ ಆಟವನ್ನೂ ಬಿಡಬೇಕಾಗಿಲ್ಲ. ದಿನಕ್ಕೆ ಇಷ್ಟೇ ಹೊತ್ತು ಎಂದು ಗೊತ್ತುಮಾಡಿ ಆಡಲಿ. ಅಲ್ಲಿ ಕಲಿತ ಪದ ತಲೆಯಲ್ಲಿ ಉಳಿಯಲಿ, ಇಲ್ಲಿ ಹಾಕಿದ ಹಿಡಿ ಅಕ್ಕಿ ನೆರೆಯವರ ಹೊಟ್ಟೆ ಸೇರಲಿ.

ಮನೆಮಂದಿ ಕುಳಿತು ಚರ್ಚಿಸಿರಿ

1. ನಮಗೆ ಏನೂ ಕಡಿಮೆಯಾಗದಂತೆ ಕೊಡುವುದಕ್ಕೂ, ನಮ್ಮ ಪಾಲಿನಿಂದ ತೆಗೆದು ಕೊಡುವುದಕ್ಕೂ ಏನು ವ್ಯತ್ಯಾಸ?
2. ಅಜ್ಜ ಅಜ್ಜಿ ಬಳಸುವ, ಮಕ್ಕಳಿಗೆ ತಿಳಿಯದ ಹತ್ತು ಕನ್ನಡ ಪದಗಳು ಯಾವುವು?
3. ನಮ್ಮ ಬೀದಿಯಲ್ಲಿ ಈ ತಿಂಗಳು ಅಕ್ಕಿಯ ಅಗತ್ಯವಿರುವ ಮನೆ ಯಾವುದು? ಅದು ನಮಗೆ ಗೊತ್ತಿಲ್ಲದಿದ್ದರೆ, ಯಾಕೆ ಗೊತ್ತಿಲ್ಲ?