ಕಳಪೆ ಮನೆ ನಿರ್ಮಾಣ: ಕೊಂಡವರಿಗೆ ಕಾನೂನಿನ ಆಸರೆ ಎಷ್ಟು?

ಮನೆ ಕಟ್ಟಿ ನೋಡು ಎಂಬ ಗಾದೆ ಕಟ್ಟುವವರ ಕಷ್ಟವನ್ನು ಹೇಳುತ್ತದೆ. ಬೇರೆಯವರು ಕಟ್ಟಿದ ಮನೆಯನ್ನು ಕೊಂಡವರ ಕಷ್ಟಕ್ಕೆ ಗಾದೆ ಇದ್ದಂತಿಲ್ಲ. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾದ ಬಳಿಕ ಬೆಳೆದ ದಾಂಡೇಲಿಯಲ್ಲಿ, ಕಾರ್ಖಾನೆಯ ವಸತಿಗೃಹದಲ್ಲಿ ಬಾಳಿದ ನೌಕರನಿಗೆ ನಿವೃತ್ತಿಯೊಂದಿಗೇ ಸ್ವಂತ ಸೂರಿನ ಚಿಂತೆ ಎದುರಾಗುತ್ತದೆ. ಭವಿಷ್ಯ ನಿಧಿ, ಉಪದಾನ ಎಲ್ಲವೂ ಒಂದೇ ಮನೆಗೆ ಸುರಿಯಲ್ಪಡುತ್ತವೆ. ಮೊದಲ ಮಳೆಗಾಲದಲ್ಲಿ ಸ್ಲ್ಯಾಬು ಸೋರಿ, ಗೋಡೆಯ ಗಿಲಾವು ಉದುರಿದರೆ ಎರಡನೆಯ ಮನೆ ಕಟ್ಟುವ ಶಕ್ತಿ ಅಂಥವರಲ್ಲಿ ಉಳಿದಿರುವುದಿಲ್ಲ. ಆಗ ಕಾನೂನು ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬುದನ್ನು ಮನೆ ಕೊಳ್ಳುವವರೂ ಕಟ್ಟಡ ಉದ್ಯಮಿಗಳೂ ಅರಿತಿರುವುದು ಅವಶ್ಯ.

1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಮೂಲ ಪಾಠದಲ್ಲಿ ಗೃಹ ನಿರ್ಮಾಣದ ಪ್ರಸ್ತಾಪವೇ ಇರಲಿಲ್ಲ. ಮನೆ ಸ್ಥಿರಾಸ್ತಿ, ಅದು ಸರಕೂ ಅಲ್ಲ, ಸೇವೆಯೂ ಅಲ್ಲ ಎಂಬ ವಾದವನ್ನು ನಿರ್ಮಾಣಗಾರರು ಮುಂದಿಡುತ್ತಿದ್ದರು. 1993ರ ತಿದ್ದುಪಡಿಯು 'ಸೇವೆ'ಯ ವ್ಯಾಖ್ಯೆಯೊಳಗೆ ಗೃಹ ನಿರ್ಮಾಣವನ್ನು ಸೇರಿಸಿತು. ಅದೇ ವರ್ಷದ ನವೆಂಬರ್ 5ರಂದು ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಿದ್ದುಪಡಿಗೆ ಮುನ್ನವೂ ಅದು ಸೇವೆಯೇ ಆಗಿತ್ತೆಂದೂ ಸರ್ಕಾರಿ ಪ್ರಾಧಿಕಾರಗಳೂ ಇದಕ್ಕೆ ಹೊರತಲ್ಲವೆಂದೂ ತೀರ್ಪಿತ್ತಿತು. ಇಂದು ಜಾರಿಯಲ್ಲಿರುವ 2019ರ ಕಾಯ್ದೆಯೂ ಗೃಹ ನಿರ್ಮಾಣವನ್ನು ಸೇವೆಯೆಂದೇ ಪರಿಗಣಿಸಿದೆ.

ಇದಕ್ಕಿಂತ ನೇರವಾದ ರಕ್ಷಣೆ ದೊರೆತದ್ದು 2016ರ ರಿಯಲ್ ಎಸ್ಟೇಟ್ ಕಾಯ್ದೆಯಿಂದ, ಅಂದರೆ ಜನರ ಬಾಯಲ್ಲಿ 'ರೇರಾ' ಎನಿಸಿಕೊಂಡ ಕಾನೂನಿನಿಂದ. ಅದರ 14ನೆಯ ಕಲಮಿನಂತೆ, ಸ್ವಾಧೀನ ನೀಡಿದ ದಿನದಿಂದ ಐದು ವರ್ಷಗಳೊಳಗೆ ರಚನಾ ದೋಷವಾಗಲಿ, ಕೆಲಸಗಾರಿಕೆ ಅಥವಾ ಗುಣಮಟ್ಟದ ದೋಷವಾಗಲಿ ಗಮನಕ್ಕೆ ಬಂದರೆ ಪ್ರವರ್ತಕನು ಯಾವುದೇ ಹಣ ಪಡೆಯದೆ 30 ದಿನಗಳೊಳಗೆ ಸರಿಪಡಿಸಬೇಕು. ತಪ್ಪಿದಲ್ಲಿ ಪರಿಹಾರ ತೆರಬೇಕು. ನೋಂದಾಯಿತ ಮಾರಾಟ ಕರಾರು ಆಗುವ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಖರೀದಿದಾರರಿಂದ ಬಂದ ಹಣದ ಶೇ. 70 ಭಾಗವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಆ ಯೋಜನೆಗೇ ವಿನಿಯೋಗಿಸಬೇಕು.

ಓದುವುದಕ್ಕೆ ಇದು ಸಂಪೂರ್ಣ ರಕ್ಷಣೆಯಂತೆ ತೋರುತ್ತದೆ. ಆದರೆ 500 ಚದರ ಮೀಟರ್ ಮೀರದ ನಿವೇಶನದ, ಅಥವಾ ಎಂಟು ಮನೆಗಳನ್ನು ಮೀರದ ಯೋಜನೆಗೆ ರೇರಾ ನೋಂದಣಿ ಕಡ್ಡಾಯವಲ್ಲ. 500 ಚದರ ಮೀಟರ್ ಎಂದರೆ ಸುಮಾರು ಐದು ಗುಂಟೆ. ದಾಂಡೇಲಿ, ಹಳಿಯಾಳಗಳಂಥ ಊರುಗಳಲ್ಲಿ ಸಾಮಾನ್ಯವಾಗಿ ಕಾಣುವ ನಾಲ್ಕಾರು ಮನೆಗಳ ಎರಡಂತಸ್ತಿನ ಕಟ್ಟಡಗಳು ಈ ಮಿತಿಯೊಳಗೇ ಉಳಿಯುತ್ತವೆ. ಬೆಂಗಳೂರಿನ ಬಹುಮಹಡಿಗಳನ್ನು ಕಣ್ಣಮುಂದಿಟ್ಟುಕೊಂಡು ರಚಿಸಿದ ಕಾನೂನಿನಲ್ಲಿ ಸಣ್ಣ ಊರಿನ ಖರೀದಿದಾರ ಅಂಚಿಗೆ ಸರಿದಿದ್ದಾನೆ ಎಂದರೆ ಅತಿಶಯೋಕ್ತಿಯಲ್ಲ.

ಸ್ವಂತ ನಿವೇಶನದಲ್ಲಿ ಗುತ್ತಿಗೆದಾರನಿಂದ ಮನೆ ಕಟ್ಟಿಸುವವರಿಗೂ ರೇರಾ ಅನ್ವಯಿಸದು. ಅಲ್ಲಿ ಮಾರಾಟವೇ ಇಲ್ಲ. ಇವರೆಲ್ಲರಿಗೂ ಉಳಿಯುವ ಮುಖ್ಯ ಆಸರೆ ಗ್ರಾಹಕ ಕಾಯ್ದೆಯೇ. ಅಲ್ಲಿಯೂ ಕರಾರಿನ ಸ್ವರೂಪ ಮುಖ್ಯವಾಗುತ್ತದೆ. ಸಾಮಗ್ರಿ ಸಹಿತವಾಗಿ ಚದರಕ್ಕೆ ಇಷ್ಟೆಂದು ಗುತ್ತಿಗೆ ಹಿಡಿದವನು ಸಿಮೆಂಟಿನಿಂದ ಬಣ್ಣದವರೆಗೆ ಉತ್ತರ ಹೇಳಬೇಕು. ಬರಿಯ ಕೂಲಿ ಗುತ್ತಿಗೆಯಾದರೆ, ಮಾಲೀಕರೇ ತರಿಸಿದ ಮರಳಿನ ದೋಷವನ್ನು ಗವಂಡಿಯ ತಲೆಗೆ ಕಟ್ಟಲಾಗದು. ಬಾಯಿಮಾತಿನ ಗುತ್ತಿಗೆಯಲ್ಲಿ ಇವೆರಡರಲ್ಲಿ ಯಾವುದೆಂದು ಸಾಬೀತುಪಡಿಸುವುದೇ ಅರ್ಧ ವ್ಯಾಜ್ಯ.

ಜಾಗವನ್ನು ನಿರ್ಮಾಣಗಾರನಿಗೆ ಒಪ್ಪಿಸಿ ಕಟ್ಟಡದಲ್ಲಿ ಪಾಲು ಪಡೆಯುವ ಭೂಮಾಲೀಕನ ಸ್ಥಾನ ಬಹುಕಾಲ ಅಸ್ಪಷ್ಟವಾಗಿತ್ತು. ಆತ ಪಾಲುದಾರ, ಗ್ರಾಹಕನಲ್ಲ ಎಂದು ಅರ್ಜಿಗಳು ತಿರಸ್ಕೃತವಾಗುತ್ತಿದ್ದವು. 2008ರ ಜುಲೈ 10ರಂದು ಫಕೀರ್ ಚಂದ್ ಗುಲಾಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ನಿಲುವನ್ನು ತಳ್ಳಿಹಾಕಿತು. ಒಪ್ಪಂದಕ್ಕೆ ಯಾವ ಹೆಸರಿಟ್ಟರೂ, ಲಾಭನಷ್ಟದಲ್ಲಿ ಮತ್ತು ನಿಯಂತ್ರಣದಲ್ಲಿ ನಿಜವಾದ ಪಾಲಿಲ್ಲದ ಭೂಮಾಲೀಕನು ಗ್ರಾಹಕನೇ ಎಂದಿತು.

ದೂರು ಸಲ್ಲಿಸುವ ಕ್ರಮ ಕಠಿಣವಲ್ಲ. 2021ರ ಡಿಸೆಂಬರ್‌ನ ನಿಯಮಗಳಂತೆ, ಪಾವತಿಸಿದ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗಕ್ಕೆ ದೂರು ನೀಡಬೇಕು. 5 ಲಕ್ಷದವರೆಗೆ ಶುಲ್ಕವಿಲ್ಲ. 20ರಿಂದ 50 ಲಕ್ಷದವರೆಗೆ ಶುಲ್ಕ 1000 ರೂಪಾಯಿ ಮಾತ್ರ. ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ನೀಡಬಹುದು. ದಾಂಡೇಲಿಯವರಿಗೆ ಅದು ಕಾರವಾರ, ಅಂದರೆ ಜೋಯಿಡಾ ದಾಟಿ ಅಣಶಿ ಘಟ್ಟ ಇಳಿಯಬೇಕು. ಈಗ 'ಇ-ಜಾಗೃತಿ' ಎಂಬ ಅಂತರಜಾಲ ವ್ಯವಸ್ಥೆಯ ಮೂಲಕವೂ ದೂರು ಸಲ್ಲಿಸಲು ಅವಕಾಶವಿರುವುದರಿಂದ ಆ ಪ್ರಯಾಸ ತಗ್ಗಿದೆ.

ಎಡವುವುದು ಬೇರೆ ಕಡೆ. ಗ್ರಾಹಕ ಆಯೋಗದ ಮುಂದೆ ಕಾಲಮಿತಿ ಎರಡೇ ವರ್ಷ. "ಈ ಮಳೆಗಾಲ ಕಳೆಯಲಿ, ಬೇಸಿಗೆಯಲ್ಲಿ ಸರಿಮಾಡಿಕೊಡುತ್ತೇವೆ" ಎಂಬ ಭರವಸೆಯನ್ನು ನಂಬಿ ಎರಡು ಬೇಸಿಗೆ ಕಾದವರಿಗೆ ಅವಧಿಯೇ ಮುಗಿದಿರುತ್ತದೆ. ಸಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರ ಆಯೋಗಕ್ಕಿದೆ, ಆದರೆ ಅದು ಹಕ್ಕಲ್ಲ. ಆದ್ದರಿಂದ ದೋಷ ಕಂಡೊಡನೆ ರಿಜಿಸ್ಟರ್ಡ್ ಅಂಚೆಯಲ್ಲಿ ಲಿಖಿತ ನೋಟಿಸು ನೀಡುವುದು, ದಿನಾಂಕ ಸಹಿತ ಛಾಯಾಚಿತ್ರ ತೆಗೆದಿಡುವುದು, ದುರಸ್ತಿಗೆ ಮುನ್ನ ಅರ್ಹ ಸಿವಿಲ್ ಎಂಜಿನಿಯರರಿಂದ ವರದಿ ಪಡೆಯುವುದು ಕ್ಷೇಮ. ಸೋರಿಕೆಯ ಕಾರಣ ಸ್ಲ್ಯಾಬಿನಲ್ಲಿದೆಯೋ ನಳದ ಜೋಡಣೆಯಲ್ಲಿದೆಯೋ ಎಂಬುದನ್ನು ಮನೆಯ ಯಜಮಾನರ ಮಾತಿನಿಂದ ಆಯೋಗ ನಿರ್ಧರಿಸಲಾರದು.

2019ರ ಕಾಯ್ದೆಯ ಇನ್ನೊಂದು ಅಂಶ ಕಟ್ಟಡ ಉದ್ಯಮಿಗಳ ಗಮನಕ್ಕೆ ಇನ್ನೂ ಸಾಕಷ್ಟು ಬಂದಂತಿಲ್ಲ. ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯಕ್ಕೆ ಸ್ಥಿರಾಸ್ತಿ ಮಾರುವವರು ಹೊರತಾದರೂ, ಕಟ್ಟಿದ ಮನೆ ಮಾರುವವರನ್ನು ಮತ್ತು ಮನೆ, ಫ್ಲ್ಯಾಟು ನಿರ್ಮಿಸುವವರನ್ನು ಅದು ಒಳಗೊಂಡಿದೆ. ಗೋಡೆಯ ಬಿರುಕು ಈ ಅಧ್ಯಾಯದ 'ಹಾನಿ' ಎನಿಸದು. ಕಳಚಿಬಿದ್ದ ಸಜ್ಜಾದಿಂದ ಆದ ಗಾಯ ಎನಿಸಬಹುದು. 2019ರ ಮಾರ್ಚ್ 19ರಂದು ನೆರೆಯ ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ವಾಣಿಜ್ಯ ಕಟ್ಟಡ ಕುಸಿದು 19 ಮಂದಿ ಅಸುನೀಗಿದ್ದನ್ನು ಈ ಭಾಗದ ಯಾವ ಗುತ್ತಿಗೆದಾರನೂ ಮರೆತಿರಲಾರ.

ಪ್ರಾಮಾಣಿಕವಾಗಿ ಕಟ್ಟುವವರಿಗೂ ದಾಖಲೆಯೇ ರಕ್ಷೆ. ಭಾರತೀಯ ಮಾನಕ 456ರಂತೆ ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ ಏಳು ದಿನ, ಹಾರುಬೂದಿ ಬೆರೆತ ಸಿಮೆಂಟಿಗೆ ಕನಿಷ್ಠ ಹತ್ತು ದಿನ ನೀರುಣಿಸಬೇಕು. ಸ್ಲ್ಯಾಬು ಹಾಕಿದ ದಿನವೇ 15 ಸೆಂಟಿಮೀಟರಿನ ಘನಗಳನ್ನು ಎರಕ ಹೊಯ್ದು 28ನೆಯ ದಿನ ಪರೀಕ್ಷಿಸಿದ ವರದಿ, ನೀರುಣಿಸಿದ ದಿನಗಳ ಪುಸ್ತಕ, ಸಿಮೆಂಟ್ ಮತ್ತು ಕಬ್ಬಿಣದ ರಸೀದಿಗಳು ಇವಿಷ್ಟು ಕಡತದಲ್ಲಿದ್ದರೆ, ಮಾಲೀಕರು ಆಮೇಲೆ ತಾವಾಗಿಯೇ ಎಬ್ಬಿಸಿದ ಮೂರನೆಯ ಅಂತಸ್ತಿನ ಭಾರಕ್ಕೆ ಬಿರಿದ ತೊಲೆಯ ಹೊಣೆ ಗುತ್ತಿಗೆದಾರನ ಮೇಲೆ ಬೀಳುವ ಸಂಭವ ಕಡಿಮೆ.